ಇಸ್ತ್ರಿಯಮ್ಮನ ಸಹಿ

"ಇನ್ನೊಂಚೂರು ಓರೆ ಮಾಡಿ. ಅಯ್ಯೋ, ಆ ಕಡೆ ಅಲ್ಲ ಸ್ವಾಮಿ, ಗೋಡೆ ಕಡೆ!"

"ಗೋಡೆ ಕಡೆ ಮಾಡಿದ್ರೆ ಕೆಳಗಿನ ತುದಿ ಬರಲ್ಲ."

ಮೇಲಕ್ಕೆ ಒಯ್ಯುತ್ತಿದ್ದ ಖಾಲಿ ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಮೆಟ್ಟಿಲು ಎರಡೂಕಾಲು ಅಡಿ ಅಗಲ, ಪೆಟ್ಟಿಗೆ ಎರಡು ಅಡಿ. ನೇರವಾಗಿ ಹತ್ತಲು ಸಾಕು, ತಿರುಗಲು ಸಾಲದು. ಸತ್ತವಳ ತಮ್ಮ ಮೂವತ್ತು ವರ್ಷದಿಂದ ಮನೆಮನೆಗೆ ನಲ್ಲಿ, ಪೈಪು ಕೂರಿಸಿದವನು. ಅವನು ಎರಡು ಸಲ ಅಳತೆ ನೋಡಿ ಕೈಬಿಟ್ಟ.

"ಊರಿನವರ ಪೈಪೆಲ್ಲ ತಿರುಗಿಸಿದೋನಿಗೆ ಇದು ತಿರುಗಲ್ಲ ಅಂತ ಮೊದ್ಲೇ ಗೊತ್ತಾಗ್ಲಿಲ್ವೇನಯ್ಯಾ?" ಪಕ್ಕದ ದಿನಸಿ ಅಂಗಡಿಯವನು ಕೆಳಗಿನಿಂದ ಕೇಳಿದ.

"ಪೈಪಿಗಾದ್ರೆ ತಿರುವಲ್ಲಿ ಎಲ್ಬೋ ಹಾಕ್ತೀನಿ. ಇದಕ್ಕೇನು ಹಾಕ್ಲಿ?" ಎಂದ ತಮ್ಮ. "ಪೆಟ್ಟಿಗೆ ಇಳಿಸಿ. ಅಕ್ಕನ್ನೇ ಕೆಳಗೆ ತರೋಣ."

ಹೀಗೆ ಇಸ್ತ್ರಿಯಮ್ಮ ಒಂದು ಹೊದಿಕೆಯಲ್ಲಿ, ನಾಲ್ವರ ಕೈಯಲ್ಲಿ, ಮಹಡಿಯ ಮನೆಯಿಂದ ತನ್ನ ಅಂಗಡಿಗೆ ಕೊನೆಯ ಸಲ ಇಳಿದಳು. ತಲೆಯ ಭಾಗ ಹಿಡಿದವನು ಬೀದಿಯ ಮಕ್ಕಳಿಗೆ ಗಣಿತ ಹೇಳಿಕೊಡುವ ಲೆಕ್ಕದಣ್ಣ. ಪ್ರತಿ ಮೆಟ್ಟಿಲಿಗೂ "ನಿಧಾನ, ನಿಧಾನ" ಎನ್ನುತ್ತ, ಅವಳ ತಲೆ ಗೋಡೆಗೆ ತಾಗದಂತೆ ತನ್ನ ಮೊಣಕೈಯನ್ನೇ ಅಡ್ಡ ಕೊಟ್ಟ. ಕೆಳಗೆ ಬರುವಷ್ಟರಲ್ಲಿ ಮೊಣಕೈಯ ಚರ್ಮ ಸುಲಿದಿತ್ತು.

ಅಂಗಡಿಯಲ್ಲಿ ಮಲಗಿಸಲು ಇದ್ದ ಜಾಗ ಇಸ್ತ್ರಿ ಮೇಜೊಂದೇ. ಏಳು ಅಡಿ ಉದ್ದ, ನಾಲ್ಕು ಅಡಿ ಅಗಲ, ಮೇಲೆ ನಾಲ್ಕು ಮಡಿಕೆಯ ಕಂಬಳಿ. ಹಗಲು ಅದರ ಮೇಲೆ ಬೀದಿಯವರ ಬಟ್ಟೆ. ಸಂಜೆ ಆರಕ್ಕೆ ಇಸ್ತ್ರಿ ಆರಿಸಿದರೆ ಅದೇ ಪಾಠದ ಮೇಜು. ಹಿಂಬದಿಯ ಕಾಲೇಜಿನ ವಿದ್ಯಾರ್ಥಿಗಳು ಬಂದು ಬೀದಿಯ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಚಳಿಯ ದಿನಗಳಲ್ಲಿ ಮಕ್ಕಳು ನಡುವಿನ ಜಾಗಕ್ಕೆ ಕಿತ್ತಾಡುತ್ತಿದ್ದರು. ಅಲ್ಲಿ ಏಳು ಗಂಟೆಯವರೆಗೂ ಮರ ಬೆಚ್ಚಗಿರುತ್ತಿತ್ತು.

ಮಗಳು ಅಮ್ಮನ ಕಾಲ ಬಳಿ ನಿಂತಿದ್ದಳು. ಮೂವತ್ತಾರು ವರ್ಷ, ಔಷಧಿ ಅಂಗಡಿಯೊಂದರಲ್ಲಿ ಕೆಲಸ. ಲೆಕ್ಕದಣ್ಣ ಹೊದಿಕೆಯ ಸುಕ್ಕು ಬಿಡಿಸಿ ಅವಳತ್ತ ತಿರುಗಿದ.

"ಏನಾದ್ರೂ ತಿಂದ್ಯಾ, ಮೂವತ್ತೆಂಟು?"

ಹತ್ತನೇ ಕ್ಲಾಸಿನ ಗಣಿತದಲ್ಲಿ ಅವಳಿಗೆ ಬಂದಿದ್ದ ಅಂಕ ಅದು. ಮೂವತ್ತೈದಕ್ಕೆ ಪಾಸು. ಕಲಿಸಿದವನು ಅವನು. ಇಪ್ಪತ್ತೊಂದು ವರ್ಷದಿಂದ ಅವಳನ್ನು ಹಾಗೆಯೇ ಕರೆಯುತ್ತಿದ್ದ.

"ತಿಂದೆ ಅಣ್ಣ," ಎಂದು ಸುಳ್ಳು ಹೇಳಿದಳು.

"ಪೆಟ್ಟಿಗೆ ಹೊರೋವಾಗ ಮುಂದುಗಡೆ ಎಡಗಡೆ ನಂದು. ನಿಮ್ಮ ಮಾವನಿಗೆ ಹೇಳಿಬಿಟ್ಟಿದ್ದೀನಿ, ಅದನ್ನ ಬೇರೆ ಯಾರಿಗೂ ಕೊಡಬೇಡಿ ಅಂತ. ಹೆತ್ತವಳು ನನ್ನ ಹೆತ್ತಳು, ಸರಿ. ಆದ್ರೆ ಅಪ್ಪ ಹೋದ ಮೇಲೆ ನನ್ನ ಎದ್ದು ನಿಲ್ಲಿಸಿದೋಳು ಇವಳು ಕಣೇ."

ಒಂಬತ್ತೂ ಹತ್ತಾಗಿತ್ತು. ಎತ್ತುವುದು ಹತ್ತೂವರೆಗೆ ಎಂದು ಗೊತ್ತುಮಾಡಿದ್ದರು. ಅಷ್ಟರೊಳಗೆ ಅವಳು ಅವನಿಗೆ ಒಂದು ಮಾತು ಹೇಳಬೇಕಿತ್ತು.

*

ನಾಲ್ಕು ದಿನದ ಹಿಂದೆ, ಆಸ್ಪತ್ರೆಯ ಆರನೇ ವಾರ್ಡಿನಲ್ಲಿ, ಅಮ್ಮ ಮೂಗಿಗೆ ಹಾಕಿದ್ದ ನಳಿಕೆಯನ್ನು ತಾನೇ ಪಕ್ಕಕ್ಕೆ ಸರಿಸಿದ್ದಳು.

"ಅವನು ಹೆಗಲು ಕೊಡ್ತೀನಿ ಅಂತಾನೆ. ಬಿಡೋನಲ್ಲ."

"ಯಾರಮ್ಮ? ಯಾವ ಹೆಗಲು? ಸೋಮವಾರ ಮನೆಗೆ ಕಳಿಸ್ತಾರಂತೆ ನಿನ್ನ."

"ಲೆಕ್ಕದವನು. ಅವನ ಅಪ್ಪ ಹೋದ್ರಲ್ಲ, ಆಗ ಅವನ ಪಾಠದ ಗಂಟೆ ಮುಗಿದುಹೋಗಿತ್ತು. ಅರವತ್ತೂ ಆಗಿತ್ತು. ನಾನು ಇನ್ನೂ ಹನ್ನೊಂದು ಬಾಕಿ ಅಂದೆ. ಅದಕ್ಕೇ ಅವನು ಊರಿಗೆ ಹೋಗ್ಲಿಲ್ಲ."

ಮಗಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಮಂಚದ ಕಂಬಿ ಹಿಡಿದುಕೊಂಡಳು.

"ಯಾಕಮ್ಮ?"

ಅಮ್ಮ ಅವಳ ಮುಖ ನೋಡಿದಳು.

"ನಿನಗೆ ಬೀಜಗಣಿತ ಬರ್ತಿರಲಿಲ್ಲ," ಎಂದಳು.

ನರ್ಸು ಬಂದು ನಳಿಕೆಯನ್ನು ಸರಿಯಾಗಿ ಕೂರಿಸಿ, ಗದರಿ ಹೋದಳು. ಅವಳು ಬಾಗಿಲು ದಾಟಿದ ಕೂಡಲೇ ಅಮ್ಮ ಅದನ್ನು ಮತ್ತೆ ಸರಿಸಿದಳು.

"ಪ್ರತಿ ಶನಿವಾರ ಹೇಳಿಬಿಡೋಣ ಅನ್ಕೋತಿದ್ದೆ. ಅವನು ಬರೋನು, ಚಪ್ಪಲಿ ಬಿಡೋನು, 'ಅಮ್ಮಾ, ಟೀ' ಅನ್ನೋನು. ಬಾಯಿ ಕಟ್ಟಿಹೋಗೋದು. ಗೊತ್ತಿಲ್ದೆ ನನ್ನ ಹೊರೋದು ಬೇಡ. ಮೊದ್ಲು ಹೇಳು. ಆಮೇಲೆ ಅವನಿಷ್ಟ."

ಸೋಮವಾರ ಮನೆಗೆ ಕಳಿಸುವ ಮಾತು ನಿಜವೇ ಆಗಿತ್ತು. ಅಮ್ಮ ಭಾನುವಾರ ಸಂಜೆ ಹೋದಳು.

*

"ಇವತ್ತು ಬೇಡ," ಎಂದ ಪೈಪಿನ ಮಾವ. ಮಗಳು ಅವನನ್ನು ಮೆಟ್ಟಿಲ ಕೆಳಗೆ ಕರೆದು ಎಲ್ಲ ಹೇಳಿದ್ದಳು. "ಜ್ವರದಲ್ಲಿ ಆಡಿದ ಮಾತು ಅದು."

"ಅಮ್ಮನಿಗೆ ಜ್ವರ ಇರಲಿಲ್ಲ ಮಾವ."

"ಇರಲಿ ಬಿಡೇ. ನಾಳೆ ಹೇಳು. ಮುಂದಿನ ವಾರ ಹೇಳು. ಹೆಣ ಇನ್ನೂ ಮನೇಲಿದೆ, ಆಗಲೇ ಗಾಯ ಕೆದಕಬೇಕಾ?"

"ಹೊರೋದು ಇವತ್ತಲ್ವಾ?"

ಮಾವ ಮುಖ ಉಜ್ಜಿಕೊಂಡ. "ಅವನು ಎದ್ದು ಹೋದ್ರೆ ಶನಿವಾರದ ಪಾಠ ನಿಂತಂಗೇ ಲೆಕ್ಕ. ಅದನ್ನ ಯೋಚನೆ ಮಾಡಿದ್ಯಾ? ಅವಳು ಇಪ್ಪತ್ತೊಂದು ವರ್ಷ ಬಾಯಿ ಹೊಲ್ಕೊಂಡು ಇದ್ದಿದ್ದು ಸುಮ್ಮನೆ ಅಲ್ಲ."

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಕೆಮ್ಮಿದರು. ಬ್ಯಾಂಕಿನ ಕ್ಯಾಷಿಯರ್. ಮೇಜಿನ ಹತ್ತಿರ ಹೋಗಿ ತಲೆ ಬಾಗಿಸಿ ನಿಂತು, ಹಿಂದಕ್ಕೆ ಬಂದು, ಮಾವನ ಕಿವಿಯಲ್ಲಿ ಏನೋ ಹೇಳಿದರು.

"ಏನಂತೆ?" ದಿನಸಿಯವನು ಕೇಳಿದ.

"ಅವರ ಎರಡು ಶರ್ಟು ಒಳಗಿದೆಯಂತೆ. ನಾಳೆ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರಂತೆ."

"ಕೊಟ್ಟು ಕಳಿಸಯ್ಯ. ಇಲ್ದಿದ್ರೆ ಇಸ್ತ್ರಿಯಮ್ಮ ಎದ್ದು ಕೂತು ತಾನೇ ಕೊಡ್ತಾಳೆ. ಹೇಳಿದ ದಿನ ಬಟ್ಟೆ ಕೊಡದೇ ಇದ್ದೋಳಲ್ಲ."

ಲೆಕ್ಕದಣ್ಣ ಆಗಲೇ ಕಪಾಟಿನಿಂದ ಗಂಟು ತೆಗೆದು, ಎರಡು ಶರ್ಟು ಹುಡುಕಿ ಕೊಟ್ಟಿದ್ದ. ಯಾರದ್ದು ಯಾವ ಖಾನೆ ಎಂದು ಆ ಮನೆಯಲ್ಲಿ ಅವನಿಗೆ ಗೊತ್ತಿದ್ದಷ್ಟು ಮಗಳಿಗೂ ಗೊತ್ತಿರಲಿಲ್ಲ.

*

ಕಾಲೇಜಿನ ನಿಯಮ ಸರಳವಾಗಿತ್ತು. ಕೊನೆಯ ವರ್ಷದ ಪ್ರತಿ ವಿದ್ಯಾರ್ಥಿಯೂ ಅರವತ್ತು ಗಂಟೆ ಸಮಾಜ ಸೇವೆ ಮಾಡಬೇಕು. ಮಾಡಿದ ಗಂಟೆಗಳನ್ನು ಒಂದು ಹಾಳೆಯಲ್ಲಿ ಬರೆದು, ಸೇವೆ ನಡೆದ ಜಾಗದವರು ಸಹಿ ಹಾಕಬೇಕು. ಹಾಳೆ ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ. ಪಾಠಕ್ಕೆ ಜಾಗ ಕೊಟ್ಟವಳು ಇಸ್ತ್ರಿಯಮ್ಮ, ಆದ್ದರಿಂದ ಸಹಿಯೂ ಅವಳದ್ದೇ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ; ಅಂಕಿ ಬರುತ್ತಿತ್ತು, ಸಹಿ ಬರುತ್ತಿತ್ತು. ಹಾಳೆಗಳು ಅವಳ ಮೇಜಿನ ಡ್ರಾಯರಿನಲ್ಲೇ ಇರುತ್ತಿದ್ದವು.

ಅವಳು ಗಂಟೆ ಎಣಿಸುವ ಕ್ರಮ ಬೇರೆ. ಕೊನೆಯ ಮಗು ಕೂತಾಗ ಶುರು, ಮೊದಲ ಮಗು ಎದ್ದಾಗ ಮುಗಿಯಿತು. ಎರಡು ಗಂಟೆ ಇದ್ದವರಿಗೆ ಒಂದೂಕಾಲು, ಒಂದೂವರೆ ಸಿಗುತ್ತಿತ್ತು. "ಬಟ್ಟೆ ನೆನೆಸಿದ ಹೊತ್ತನ್ನ ಒಗೆದ ಹೊತ್ತು ಅನ್ನೋಕಾಗುತ್ತಾ?" ಎಂದು ಕೇಳುತ್ತಿದ್ದಳು. ಹುಡುಗರು ಗೊಣಗುತ್ತಿದ್ದರು, ಆದರೆ ಬರುತ್ತಿದ್ದರು.

ಹೀಗೆ ಮಾಡಲು ಅವಳಿಗೆ ಕಾರಣವಿತ್ತು. ಅರವತ್ತು ತುಂಬಿದ ದಿನ ಹುಡುಗರು ಹೋಗುತ್ತಿದ್ದರು. ಒಂದು ವರ್ಷದವರು ಭಿನ್ನರಾಶಿಯ ನಡುವೆಯೇ ಎದ್ದು ಹೋಗಿದ್ದರು. ಮುಂದಿನ ವರ್ಷದವರು ಬಂದು ಮತ್ತೆ ಕೂಡುವುದರಿಂದ ಶುರುಮಾಡುತ್ತಿದ್ದರು. ಆ ಬೀದಿಯ ಮಕ್ಕಳು ಐದು ಸಲ ಕೂಡುವುದು ಕಲಿತಿದ್ದರು. ಭಾಗಿಸುವುದನ್ನು ಯಾರೂ ಕಲಿತಿರಲಿಲ್ಲ.

ಆ ವರ್ಷ ಮಗಳಿಗೆ ಹತ್ತನೇ ಕ್ಲಾಸು. ಒಂದು ಸೋಮವಾರ, ಪಾಠ ಶುರುವಾಗುವ ಮೊದಲು, ಇಪ್ಪತ್ತು ವರ್ಷದ ಲೆಕ್ಕದಣ್ಣ ಇಸ್ತ್ರಿ ಮೇಜಿನ ಬಳಿ ಬಂದು ನಿಂತ.

"ಅಮ್ಮಾ, ನಂದು ಇನ್ನೆಷ್ಟು ಬಾಕಿ? ಊರಿಗೆ ಹೋಗಿಬರ್ಬೇಕಿತ್ತು. ಅಪ್ಪನಿಗೆ ಹುಷಾರಿಲ್ವಂತೆ."

"ಏನಾಗಿದೆ?"

"ಜ್ವರ ಅಂತೆ. ಅಮ್ಮ ಅವಸರ ಏನಿಲ್ಲ ಅಂದ್ರು."

ಇಸ್ತ್ರಿಯಮ್ಮ ಡ್ರಾಯರು ಎಳೆದು ಹಾಳೆ ನೋಡಿದಳು. ಮಗಳ ಗಣಿತ ಪರೀಕ್ಷೆ ಮುಂದಿನ ಬುಧವಾರ. ಆ ತಿಂಗಳ ಶಾಲೆಯ ಪರೀಕ್ಷೆಯಲ್ಲಿ ಬಂದಿದ್ದು ಹತ್ತೊಂಬತ್ತು.

"ಹನ್ನೊಂದು ಗಂಟೆ ಇದೆ ಮಗಾ. ಮುಗಿಸಿಕೊಂಡೇ ಹೋಗು."

ಜಗತ್ತಿನ ಎಲ್ಲವನ್ನೂ ಎಣಿಸುವ ಹುಡುಗ ತನ್ನ ಗಂಟೆಗಳನ್ನು ಮಾತ್ರ ಅವಳಿಗೆ ಬಿಟ್ಟಿದ್ದ. ಭಾನುವಾರ ಬಿಟ್ಟು ಅವನು ಎಂಟು ಸಂಜೆ ಇದ್ದ. ಎಂಟನೆಯದು ಮಂಗಳವಾರ. ಆ ಸಂಜೆ ಆರೂವರೆಗೆ ಊರಿನಿಂದ ಕರೆ ಬಂದು ಹಾಸ್ಟೆಲಿನ ಫೋನು ಬಡಿದುಕೊಂಡಾಗ ಅವನು ಇಲ್ಲಿ, ಮಗಳ ಎದುರು ಕೂತು, ಸಮೀಕರಣದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗುವಾಗ ಚಿಹ್ನೆ ಬದಲಾಗುತ್ತದೆ ಎಂದು ಮೂರನೇ ಸಲ ಹೇಳುತ್ತಿದ್ದ. ಬುಧವಾರ ಬೆಳಿಗ್ಗೆಯ ರೈಲಿನಲ್ಲಿ ಊರಿಗೆ ಹೋದಾಗ ಎಲ್ಲ ಮುಗಿದಿತ್ತು.

ತಿಂಗಳಾದ ಮೇಲೆ ಪರೀಕ್ಷೆ ಬರೆಯಲು ವಾಪಸು ಬಂದವನು ಹಾಸ್ಟೆಲಿಗೆ ಹೋಗದೆ ನೇರ ಅಂಗಡಿಗೆ ಬಂದ. "ಆ ಹಾಳು ಹನ್ನೊಂದು ಗಂಟೆ ಇಲ್ದಿದ್ರೆ ಅಪ್ಪನ್ನ ನೋಡ್ತಿದ್ದೆ ಅಮ್ಮಾ," ಎಂದು, ಕಾಲೇಜನ್ನೂ ಅದರ ನಿಯಮವನ್ನೂ ಬಾಯಿಗೆ ಬಂದಂತೆ ಬೈದು, ಅವಳ ಮಡಿಲಿನಲ್ಲಿ ತಲೆ ಇಟ್ಟು ಅತ್ತ. ಅವಳು ಅವನ ತಲೆ ಸವರಿದಳು. ಹೇಳಬೇಕಾದ ದಿನ ಅದೇ ಆಗಿತ್ತು. ಹೇಳಲಿಲ್ಲ.

ಅವನಿಗೆ ಅದೇ ನಗರದಲ್ಲಿ ಸರ್ವೇಯರ್ ಕೆಲಸ ಸಿಕ್ಕಿತು. ಆಮೇಲಿನ ಶನಿವಾರಗಳಲ್ಲಿ ಅವನು ಆ ಮೇಜಿಗೆ ಬಾರದೇ ಇದ್ದವು ಕಡಿಮೆ.

*

ಹತ್ತು ಗಂಟೆಗೆ ಈ ವರ್ಷದ ನಾಲ್ವರು ವಿದ್ಯಾರ್ಥಿಗಳು ಬಂದರು. ಕೊರಳಲ್ಲಿ ಕಾಲೇಜಿನ ಗುರುತಿನ ಚೀಟಿ. ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಕಪಾಟಿಗೆ ಒರಗಿದರು. ಅವರಲ್ಲೊಬ್ಬಳು, ಕನ್ನಡಕದ ಹುಡುಗಿ, ಮಗಳ ಹತ್ತಿರ ಬಂದಳು.

"ಅಕ್ಕ, ನಮ್ಮ ಹಾಳೆ..."

"ಸಹಿ ಬೇಕಿತ್ತಾ?" ದಿನಸಿಯವನು ನಡುವೆ ಬಾಯಿ ಹಾಕಿದ. "ಸ್ವಲ್ಪ ತಡಿಯಮ್ಮಾ ತಾಯಿ, ಅವಳನ್ನ ಮೊದ್ಲು ಕಳಿಸಿಕೊಡೋಣ."

"ಅಯ್ಯೋ, ಅಲ್ಲ ಅಂಕಲ್." ಹುಡುಗಿಯ ಕಣ್ಣು ತುಂಬಿತು. "ಸಹಿ ಆಗಿದೆ. ಮೊದಲನೇ ದಿನವೇ ಅರವತ್ತೂ ಬರೆದು ಸಹಿ ಹಾಕಿ ನಮ್ಮ ಕೈಗೇ ಕೊಟ್ಬಿಟ್ರು. ನಾವು ಬಂದಿದ್ದು ಬರೀ ಮೂರು ಸಲ. ಅದನ್ನ ವಾಪಸು ಕೊಡೋಣ ಅಂತ ತಂದೆ. ಯಾರಿಗೆ ಕೊಡಬೇಕೋ ಗೊತ್ತಾಗ್ಲಿಲ್ಲ."

ಲೆಕ್ಕದಣ್ಣ ನಕ್ಕ. ಬೆಳಗಿನಿಂದ ಅವನು ನಕ್ಕಿದ್ದು ಅದೇ ಮೊದಲು.

"ನಿಮ್ಮದು ಅದೃಷ್ಟ ಕಣಮ್ಮ. ನಮ್ಮ ಕಾಲದಲ್ಲಿ ನಿಮಿಷ ನಿಮಿಷ ಹಿಂಡೋಳು. ನನ್ನ ಬ್ಯಾಚ್ ಆದಮೇಲೆ ಅದೇನಾಯ್ತೋ, ಎಲ್ಲರಿಗೂ ಮೊದಲ ದಿನವೇ ಸಹಿ. 'ಹೀಗೆ ಮಾಡಿದ್ರೆ ಒಬ್ಬರೂ ಬರಲ್ಲಮ್ಮಾ' ಅಂತ ಎಷ್ಟು ಸಲ ಹೇಳಿದೆ. 'ಹೋಗೋರನ್ನ ಹಿಡಿಬಾರದು ಮಗಾ' ಅನ್ನೋಳು." ಅವನು ಮೇಜಿನ ಕಡೆ ನೋಡಿದ. "ವಯಸ್ಸಾಗ್ತಾ ಮೆತ್ತಗಾದ್ಲು."

ಮಗಳು ಅಲ್ಲಿ ನಿಲ್ಲಲಾರದೆ ಹಿತ್ತಿಲಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಅವನೂ ಬಂದ, ಮೊಣಕೈ ತೊಳೆಯಲು. ಹತ್ತೂ ಹದಿನೈದು. ನಲ್ಲಿ ತಿರುಗಿಸಿ ಕೈ ಒಡ್ಡಿದ.

"ಅಣ್ಣ, ಒಂದು ಮಾತು ಹೇಳ್ಬೇಕು."

"ಹೇಳು ಮೂವತ್ತೆಂಟು."

"ಹಾಗೆ ಕರೀಬೇಡ. ಮೊದ್ಲು ಕೇಳು."

ನಾಲ್ಕು ದಿನದಿಂದ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಹೋಗಿ, ಉಳಿದದ್ದು ಮೂರೇ ವಾಕ್ಯ. ಅರವತ್ತು ಮುಗಿದಿತ್ತು. ಅಮ್ಮ ಸುಳ್ಳು ಹೇಳಿದಳು. ನನಗೋಸ್ಕರ.

ನೀರು ಅವನ ಮೊಣಕೈ ಮೇಲಿಂದ ಹರಿಯುತ್ತಲೇ ಇತ್ತು.

"ಯಾವಾಗ ಮುಗಿದಿತ್ತು?"

"ನೀನು ಕೇಳಿದ ಸೋಮವಾರಕ್ಕೆ ಮುಂಚಿನ ಗುರುವಾರ ಅಂದ್ಲು."

"ಗುರುವಾರ." ಅವನು ತಲೆ ಆಡಿಸಿದ, ವಿದ್ಯಾರ್ಥಿಯ ಉತ್ತರ ಸರಿ ಇದೆ ಎನ್ನುವಂತೆ. "ಮಂಗಳವಾರ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ರೈಲಿತ್ತು. ನಾಲ್ಕು ಗಂಟೆಗೆ ಮನೇಲಿ ಇರ್ತಿದ್ದೆ. ಅಪ್ಪ ಶುಕ್ರವಾರದವರೆಗೂ ಮಾತಾಡ್ತಿದ್ರು. ಆಮೇಲೆ ಮಾತು ನಿಂತಿತು." ಒದ್ದೆ ಬೆರಳು ಮಡಚಿದ. "ಮಂಗಳವಾರ ಸಂಜೆ. ಬುಧ. ಗುರು. ಶುಕ್ರ."

ಮಡಚಿದ ನಾಲ್ಕು ಬೆರಳನ್ನು ಬಿಚ್ಚದೆ ಅವಳತ್ತ ತಿರುಗಿದ.

"ಅವಳಿಗೆ ಗೊತ್ತಿತ್ತಾ? ಅಪ್ಪ ಉಳಿಯಲ್ಲ ಅಂತ?"

"ಇಲ್ಲ ಅಣ್ಣ. ಜ್ವರ ಅನ್ಕೊಂಡಿದ್ಲು."

"ನಾನೂ ಅಷ್ಟೇ ಹೇಳಿದ್ದು." ಆಮೇಲೆ ಕೇಳಿದ: "ನಿನಗೆ?"

"ನಾಲ್ಕು ದಿನದಿಂದ ಗೊತ್ತು. ದೇವರಾಣೆ."

"ನಿನ್ನ ರಿಸಲ್ಟ್ ಬಂದ ದಿನ ಬೀದಿಗೆಲ್ಲ ಸಿಹಿ ಹಂಚಿದೋನು ನಾನು. ಅಪ್ಪ ಹೋಗಿ ಎರಡು ತಿಂಗಳೂ ಆಗಿರಲಿಲ್ಲ. ಇದೊಂದಾದ್ರೂ ಆಯ್ತಲ್ಲ ಅಂತ ಹಂಚಿದೆ." ಅವನು ನಲ್ಲಿ ನಿಲ್ಲಿಸಿದ. ಪೈಪಿನವನ ಅಕ್ಕನ ಮನೆಯ ನಲ್ಲಿ ಯಾವತ್ತೂ ಪೂರ್ತಿ ನಿಂತದ್ದಿಲ್ಲ, ಹನಿ ಬೀಳುತ್ತಿತ್ತು. "ಅವಳು ತಗೊಳ್ಳಲಿಲ್ಲ. ಹಲ್ಲುನೋವು ಅಂದ್ಲು."

"ನೀನು ಹೆಗಲು ಕೊಡಬೇಕಾಗಿಲ್ಲ ಅಣ್ಣ. ಅದಕ್ಕೇ ಮೊದ್ಲೇ ಹೇಳು ಅಂದಿದ್ದು ಅಮ್ಮ."

"ಅಂದ್ಲಾ ಹಾಗೆ?"

"ಗೊತ್ತಿಲ್ದೆ ಹೊರೋದು ಬೇಡ, ಆಮೇಲೆ ಅವನಿಷ್ಟ ಅಂದ್ಲು."

"ಇಷ್ಟ," ಎಂದ ಅವನು. ಆ ಪದ ಹೊಸದೆಂಬಂತೆ ಇನ್ನೊಮ್ಮೆ ಹೇಳಿದ. ಆಮೇಲೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಅವಳಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಶರ್ಟಿನ ಬೆನ್ನಿನ ಗೆರೆ ನೇರವಾಗಿತ್ತು. ಅಮ್ಮ ಆಸ್ಪತ್ರೆಗೆ ಹೋಗುವ ಮುಂಚಿನ ವಾರ ತೀಡಿದ್ದು.

ಒಳಗಿನಿಂದ ಮಾವ ಕೂಗಿದ. "ಹೊತ್ತಾಯ್ತು! ಎಲ್ಲಿ ಹೋದ್ರಪ್ಪಾ? ಮುಂದೆ ಎಡಗಡೆಗೆ ಜನ ಇಲ್ಲ!"

ಮಗಳು ಒಳಗೆ ಹೋದಳು. ಅಮ್ಮನನ್ನು ಪೆಟ್ಟಿಗೆಯಲ್ಲಿ ಮಲಗಿಸಿಯಾಗಿತ್ತು. ಮಾವ ಅವಳ ಮುಖ ನೋಡಿದವನೇ ದಿನಸಿಯವನಿಗೆ ಸನ್ನೆ ಮಾಡಿದ. ದಿನಸಿಯವನು ಪಂಚೆ ಎತ್ತಿ ಕಟ್ಟಿ ಪೆಟ್ಟಿಗೆಯ ಎಡ ಮೂಲೆಗೆ ಬಂದು ಬಗ್ಗಿದ.

"ಬಿಡಿ," ಎಂಬ ದನಿ ಹಿಂದಿನಿಂದ ಬಂತು. "ಅದು ನಂದು."

*

ಅಂಗಡಿಯಿಂದ ಮುಖ್ಯರಸ್ತೆಗೆ ಇನ್ನೂರ ಹತ್ತು ಹೆಜ್ಜೆ. ಗಾಡಿ ಬೀದಿಯೊಳಗೆ ಬರುವುದಿಲ್ಲ, ಪೆಟ್ಟಿಗೆಗೆ ನಾಲ್ವರಿಗಿಂತ ಹೆಚ್ಚು ಜನ ಹಿಡಿಸುವುದಿಲ್ಲ. ಆದ್ದರಿಂದ ಆ ಬೀದಿಯಲ್ಲಿ ಪ್ರತಿ ವಿದ್ಯುತ್ ಕಂಬಕ್ಕೂ ಹೆಗಲು ಬದಲಿಸುವುದು ರೂಢಿ.

ಮೊದಲ ಕಂಬದ ಬಳಿ ಹಿಂದಿನ ಇಬ್ಬರು ಬದಲಾದರು. ಎರಡನೆಯದರ ಬಳಿ ಮಾವ ಬಿಟ್ಟುಕೊಟ್ಟ, ಕ್ಯಾಷಿಯರ್ ಬಂದರು. ಮೂರನೆಯದರ ಬಳಿ ದಿನಸಿಯವನು ಲೆಕ್ಕದಣ್ಣನ ಪಕ್ಕ ಬಂದ. "ಕೊಡಪ್ಪ, ಸಾಕು." ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ನಾಲ್ಕನೆಯದರ ಬಳಿ ಕಾಲೇಜಿನ ಹುಡುಗನೊಬ್ಬ ಬಂದು, "ಸರ್, ನಾನು ಹಿಡೀತೀನಿ," ಎಂದ. ಅವನು ಬರೀ ತಲೆ ಅಲ್ಲಾಡಿಸಿದ. ಶರ್ಟಿನ ತೋಳಿಗೆ ಮೊಣಕೈಯ ರಕ್ತ ಹತ್ತಿತ್ತು. ಮುಖದಲ್ಲಿ ಕೋಪವಿದೆಯೋ ಅಳುವಿದೆಯೋ ಹಿಂದೆ ನಡೆಯುತ್ತಿದ್ದ ಮಗಳಿಗೆ ಕಾಣುವಂತಿರಲಿಲ್ಲ. ಅವನು ಹೆಜ್ಜೆ ತಪ್ಪಲಿಲ್ಲ, ಪೆಟ್ಟಿಗೆಯ ಆ ಮೂಲೆ ಒಂದು ಅಂಗುಲವೂ ಇಳಿಯಲಿಲ್ಲ.

ಮುಖ್ಯರಸ್ತೆಯಲ್ಲಿ ಗಾಡಿಯ ಹಿಂಬಾಗಿಲು ತೆರೆದಿತ್ತು. ಪೆಟ್ಟಿಗೆಯನ್ನು ಒಳಗೆ ತಳ್ಳಿದರು. ಮಾವ ಹತ್ತಿದ, ಮಗಳು ಹತ್ತಿದಳು. ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗವಿತ್ತು. ಅವಳು ಪಕ್ಕಕ್ಕೆ ಸರಿದಳು.

"ಬಾ ಅಣ್ಣ."

ಅವನು ಬರಲಿಲ್ಲ. ಚಾಲಕ ಎರಡು ಸಲ ತಿರುಗಿ ನೋಡಿ, ಬಾಗಿಲು ಹಾಕಿಸಿ, ಗಾಡಿ ಹೊರಡಿಸಿದ.

ಹಿಂದಿನ ಗಾಜಿನಿಂದ ಅವಳು ನೋಡುತ್ತಲೇ ಇದ್ದಳು. ಜನ ಚದುರಿ ಬೀದಿಯೊಳಗೆ ಹೋಗುತ್ತಿದ್ದರು. ಲೆಕ್ಕದಣ್ಣ ಮಾತ್ರ ರಸ್ತೆಯ ಅಂಚಿನಲ್ಲಿ, ಪೆಟ್ಟಿಗೆ ಇಳಿಸಿದ ಜಾಗದಲ್ಲೇ ನಿಂತಿದ್ದ. ಕತ್ತು ಒಂದು ಕಡೆಗೆ ವಾಲಿತ್ತು. ಬಲಗೈ ಇನ್ನೂ ಕಿವಿಯ ಪಕ್ಕದಲ್ಲಿ, ಅಂಗೈ ಮೇಲಾಗಿ, ಖಾಲಿ ಗಾಳಿಯನ್ನು ಎತ್ತಿ ಹಿಡಿದಿತ್ತು.